ಬೆಲ್ಲದ ಕೊಪ್ಪರಗಿಯ ನೇವಿ

…ಕೂಡ್ರಿ, ಸಾಹೇಬ್ರ, ಕೂಡ್ರಿ. ಹುಡುಗೂರು ಎಲ್ಲಿ ಹೋಗ್ತಾರ, ನಮ್ಮನಿ ಮುಂದ ಸಾಲಿ ಗ್ರೌಂಡಿನ್ಯಾಗ ಸಾಲಾಗಿ ನಿಂತಾರ. ಹೊಳೀನೂ ಎಲ್ಲಿಗೂ ಹೋಗೂದಿಲ್ಲ. ನೀರಿನ ಪರೀಕ್ಷಾ ನಾಕಕ್ಕ ಅಂದ್ರ ನಾಕಕ್ಕ. ಈಗ ಬಿಸಲು ಭಾಳ ಐತಿ. ಚಾ ಬರ್ತೈತಿ, ಕುಡದು ಹೋಗೂಣು. ನಾ ಏನ ಹೇಳಾಕತ್ತಿದ್ದೆ… ಹಾಂ, ಲಂಗರು. ಲಂಗರು ಬಂದ ದಿನ.

ಅದು ಸಾದಾ ದಿನಾನರಿ. ಮಂಗಳವಾರ. ನಾ ಒಂಬತ್ತನೇತ್ತಾದವರಿಗೆ ವರ್ಗಮೂಲ ಹೇಳಾಕತ್ತಿದ್ದೆ. ರಾಯಬಾಗ ಸ್ಟೇಷನ್ನಿನಿಂದ ಒಂದು ಚಕ್ಕಡಿ ಬಂದು ಸಾಲಿ ಮುಂದ ನಿಂತಿತು. ಅವತ್ತಿನ ತನಕ ನಮ್ಮದು ಬರೇ ಒಂದು ಹೈಸ್ಕೂಲ್ ಇತ್ತು. ಅವತ್ತಿನಿಂದ ಹುಡುಗೂರ ನೇವಿ ದಳ ಆತು. ಚಕ್ಕಡ್ಯಾಗ ಕಟ್ಟಿಗಿ ಪೆಟ್ಟಿಗಿ, ಪೆಟ್ಟಿಗ್ಯಾಗ ಹುಲ್ಲು, ಹುಲ್ಲಿನ್ಯಾಗ ಅದು. ನಮ್ಮ ಹೆಡ್‌ಮಾಸ್ತರು ಮುರಗೆಪ್ಪ ಸರ್ ಅದರ ಸುತ್ತಲ ಎರಡು ಸುತ್ತು ಹಾಕಿದ್ರು. ಅವರದು ಒಕ್ಕಲುತನದ ಮನಿ ನೋಡ್ರಿ. ‘ಮಾಸ್ತರ, ಈ ನೇಗಿಲಕ್ಕ ಕುಡ ಎರಡ ಅದಾವಲ್ಲ, ಎತ್ತು ಯಾವ ಕಡೆ ಹೂಡೂದು?’ ಅಂದ್ರು.

ನಗ್ರಿ, ನಗ್ರಿ. ನಾವೂ ಮೊದಲ ನಕ್ಕೇವಿ.

ದೋಣಿ ಹಿಂದಿನಿಂದ ಬರ್ತೈತಿ ಅಂತ ಹೇಳಿ ಕಳಿಸಿದ್ರು. ಬರಲಿಲ್ಲ. ಪ್ರತಿ ವರ್ಷ ಕೇಳ್ತೇವಿ, ಪ್ರತಿ ವರ್ಷ ಹೊಂಟೈತಿ ಅಂತಾರ. ಎಲ್ಲಿಂದ ಹೊಂಟೈತೋ ಏನೋ, ಗಾಳಿ ಇಲ್ಲದ ಕಡೆ ಸಿಕ್ಕಿರಬೇಕು. ದೋಣಿ ಇಲ್ಲದ ಲಂಗರು ಇಟಗೊಂಡು ಏನ ಮಾಡ್ತೀರಿ? ಒಂದಿಷ್ಟು ದಿನ ಸಾಲಿ ಗೇಟು ಗಾಳಿಗೆ ಬಡೀಬಾರದು ಅಂತ ಅದನ್ನ ಒತ್ತಿಟ್ಟಿದ್ವಿ. ಆಮ್ಯಾಲ ಶಾಲಾ ಸಮಿತಿ ಚೇರ್‌ಮನ್ನರು ಒಯ್ದ್ರು, ಎಮ್ಮಿ ಕಟ್ಟಾಕ. ಆಬಾಸಾಹೇಬ ಅಂತ, ಕಾಗವಾಡದ ಕಡೆ ದ್ರಾಕ್ಷಿ ತ್ವಾಟ ಐತಿ ಅವರದು. ಒಂದು ಛಬ್ಬೀಸ ಜನೆವಾರಿಗೆ, ಇಲ್ಲಿ ನಾವು ಝೇಂಡಾ ಏರಿಸಾಕತ್ತೇವಿ, ಅಲ್ಲಿ ಎಮ್ಮಿ ಹಗ್ಗ ಜಗ್ಗಿಕೊಂಡು ಲಂಗರು ಎಳಕೊಂಡು ಪ್ಯಾಟಿ ಓಣ್ಯಾಗಿಂದ ಹೊಂಟತು. ಚಾದಂಗಡಿ ಮಂದಿ ಎದ್ದು ನಿಂತು ಸಲಾಮ್ ಹೊಡದ್ರು. ‘ನೇವಿ ಹೊಂಟೈತಿ, ಹಾದಿ ಬಿಡ್ರಿ’ ಅಂತ.

ಈ ಊರಿಗೆ ನೇವಿ ಯಾಕ ಬಂತು ಅಂತ ಕೇಳಿದ್ರಿ? ಅದು ಯಾರಿಗೂ ಗೊತ್ತಿಲ್ರಿ. ಮ್ಯಾಲಿನ ಕಚೇರ್ಯಾಗ ಯಾರೋ ನಕಾಶ ಬಿಡಿಸಿ ನೋಡಿರಬೇಕು. ನಮ್ಮೂರ ಬಾಜೂಕ ಒಂದು ನೀಲಿ ಗೆರಿ ಕಂಡಿರ್ತೈತಿ. ನೀಲಿ ಅಂದ್ರ ನೀರು, ನೀರು ಅಂದ್ರ ಹಡಗು. ಇಲ್ಲಿಂದ ಸಮುದ್ರಕ್ಕ ಹೋಗಬೇಕಂದ್ರ ಚಿಕ್ಕೋಡಿಗೆ ಹೋಗಿ ಬಸ್ ಬದಲಿ ಮಾಡಬೇಕು, ಬೆಳಗಾವ್ಯಾಗ ಮತ್ತ ಬದಲಿ ಮಾಡಬೇಕು, ಘಟ್ಟ ಇಳಿಯೂವಾಗ ವಾಂತಿ ಮಾಡಕೋಬೇಕು. ಇದೆಲ್ಲಾ ನಕಾಶದಾಗ ಕಾಣೂದಿಲ್ಲ. ನೀವು ಕಾರವಾರ ಕಡೇದವರು, ನಿಮಗ ಬಾಗಲಾ ತೆಗದ್ರ ಸಮುದ್ರ. ನಮ್ಮ ಹುಡುಗೂರು ಸಮುದ್ರ ನೋಡಿದ್ದು ಕ್ಯಾಲೆಂಡರಿನ್ಯಾಗ.

ಬಂತು, ಸಾವಿತ್ರಿ ಚಾ ತಂದ್ಲು. ತೊಗೊಳ್ರಿ. ನಮ್ಮ ಮನೀವರು ಇವರು… ಮಕ್ಕಳ? ಅಲ್ಲಿ ನೋಡ್ರಿ, ಗ್ರೌಂಡ್ ತುಂಬ ನಿಂತಾವಲ್ಲ, ಅವೆಲ್ಲಾ ನಮ್ಮವರಿ. ಮಾಸ್ತರನ ಮನ್ಯಾಗ ಮಕ್ಕಳಿಗೆ ಏನ ಬರಾನ… ಹೋಗು ನೀ, ಒಳಗ ಹೋಗು. ಸಾಹೇಬ್ರಿಗೆ ಸಕ್ಕರಿ ಸಾಕಂತ.

ದೋಣಿ ವಿಷಯ ಹೇಳಾಕತ್ತಿದ್ದೆ. ನೀವು ಬರೂವಾಗ ನೋಡಿದ್ರಲ್ಲ, ಗ್ರೌಂಡಿನ ಮೂಲ್ಯಾಗ, ಬೇವಿನ ಗಿಡದ ಬುಡಕ? ಅದು ಕೊಪ್ಪರಗಿ. ಬೆಲ್ಲ ಕಾಸೂದು. ಕಬ್ಬಿನ ಹಾಲು ಹಾಕಿ ಕುದಸ್ತಾರಲ್ರಿ, ಅದ. ಹತ್ತು ಮಂದಿ ಆರಾಮಾಗಿ ಕೂಡ್ತಾರ. ಅಣ್ಣಾಸಾಬನ ಗಾಣದ್ದು. ನೀವು ಹಿಂಗ ಹುಬ್ಬ ಏರಿಸಬ್ಯಾಡ್ರಿ. ಹೊಳಿ ಬಂದಾಗ ಈ ಕಡೆ ಊರವರೆಲ್ಲಾ ಅದರಾಗ ಕೂತು ದಾಟೂದು. ಹೊಳಿ ದಾಟಸೂ ನಾವಿ ಬಂದ್ ಆಗಿರ್ತೈತಿ, ಸೇತುವಿ ಮುಳಗಿರ್ತೈತಿ, ಗಾಣ ಹೂಡಿರೂದಿಲ್ಲ. ಕೊಪ್ಪರಗಿ ಖಾಲಿ ಬಿದ್ದಿರ್ತೈತಿ. ಈಸು ಬರೂ ನಾಕು ಮಂದಿ ನಾಕೂ ಕಡೆ ಹಿಡಕೊಂಡು ದಬ್ಬತಾರ. ನಮ್ಮ ಅಜ್ಜನ ಕಾಲದಿಂದ ಹಂಗ. ಬಾಣಂತ್ಯಾರು ದಾಟ್ಯಾರ, ಮದಲಗಿತ್ತ್ಯಾರು ದಾಟ್ಯಾರ, ಒಂದು ಸಲ ಮಾಮಲೇದಾರರು ಟೋಪಿ ತಲಿಮ್ಯಾಲ ಹಿಡಕೊಂಡು ದಾಟ್ಯಾರ.

ಅಣ್ಣಾಸಾಬ ಕೊಟ್ಟದ್ದು ಒಂದು ಕರಾರಿನ ಮ್ಯಾಲ. ದೀಪಾವಳಿ ಆದ ಮ್ಯಾಲ ಗಾಣ ಹೂಡ್ತಾರ, ಆವಾಗ ವಾಪಸ್ ಕೊಡಬೇಕು. ಅಂದ್ರ ನಮ್ಮ ದೇಶದ ಒಂದು ಯುದ್ಧನೌಕೆ ವರ್ಷದಾಗ ಅರ್ಧ ವರ್ಷ ಒಲಿ ಮ್ಯಾಲ ಇರ್ತೈತಿ. ವೈರಿ ಬಂದ್ರ ಮಳಿಗಾಲದಾಗ ಬರಬೇಕು.

ಈಗ ಅದರ ತೊಂದರಿ ಕೇಳ್ರಿ. ನಿಮ್ಮ ಪುಸ್ತಕದಾಗ ಮೊದಲನೇ ಪಾಠಾನ ದೋಣಿ ಮುಂಭಾಗ ಯಾವುದು, ಹಿಂಭಾಗ ಯಾವುದು, ಎಡ ಯಾವುದು, ಬಲ ಯಾವುದು. ಕೊಪ್ಪರಗಿ ಗುಂಡಗ ಐತಿ. ಅದಕ್ಕ ಮುಖ ಇಲ್ಲ, ಬೆನ್ನ ಇಲ್ಲ. ಹುಡುಗೂರ ಕೇಳಿದ್ರು, ‘ಸರ್, ಮುಂದ ಅಂದ್ರ ಯಾವ ಕಡೆ?’ ನಾ ವಿಚಾರ ಮಾಡಿ ಹೇಳಿದೆ, ‘ನಾ ಎಲ್ಲಿ ನಿಲ್ತೇನೋ ಅದ ಮುಂದ.’ ಆಮ್ಯಾಲ ಹೆಡ್‌ಮಾಸ್ತರು ಬಂದು ಬ್ಯಾರೆ ಕಡೆ ನಿಂತ್ರು. ಅರ್ಧ ಹುಡುಗೂರು ಆ ಕಡೆ ಹುಟ್ಟು ಹಾಕಾಕ ಚಾಲೂ ಮಾಡಿದ್ರು, ಅರ್ಧ ಈ ಕಡೆ. ನೆಲದ ಮ್ಯಾಲ ಇತ್ತು, ಚಲೋ ಆತು. ಈಗ ಒಂದು ಕಡೆಗೆ ಕೆಂಪು ಅರಿವಿ ಕಟ್ಟೇವಿ, ಅದು ಮುಂದ.

ಹುಟ್ಟು? ಹುಟ್ಟು ಎಲ್ಲಿಂದ ತರೂದು… ಕಬ್ಬು. ನಗ್ಯಾಡ್ರಿ. ತೂಕಾನೂ ಸರಿ, ಉದ್ದಾನೂ ಸರಿ. ಒಂದ ತ್ರಾಸು: ಅರ್ಧ ತಾಸು ಕವಾಯತು ಮಾಡೂದ್ರಾಗ ಹುಟ್ಟು ಗಿಡ್ಡ ಆಗ್ತಾವ. ನಾ ಈ ಕಡೆ ಮುಖ ಮಾಡಿದ್ರ ಆ ಕಡೆಯವರು ತಿಂತಾರ. ನಮ್ಮ ಮಲಕಾರಿ ಅದಾನಲ್ಲ, ಆ ಎತ್ತರಾನ ಹುಡುಗ, ಕುರುಬರ ಪೈಕಿ, ಈ ಬ್ಯಾಚಿನ ನಾಯಕ. ಅವ ಒಂದು ದಿನ ಬರೇ ಕೈ ಬೀಸಾಕತ್ತಿದ್ದ. ‘ನಿನ್ನ ಹುಟ್ಟು ಎಲ್ಲಿ ಲೇ?’ ಅಂದೆ. ‘ಚಂಡಮಾರುತದಾಗ ಹೋತ್ರಿ ಸರ್’ ಅಂದ. ಬಾಯಿ ಒರಸಿಕೋತ.

ಇನ್ನ ಇರುವಿ. ಎಷ್ಟು ತೊಳದ್ರೂ ಕೊಪ್ಪರಗಿ ರಿವೆಟಿನ ಸಂದ್ಯಾಗ ಬೆಲ್ಲ ಉಳೀತೈತಿ. ಬಿಸಲಿಗೆ ಅದು ಕರಗತೈತಿ. ಬಿಳೀ ಡ್ರೆಸ್ ಹಾಕ್ಕೊಂಡು ಹುಡುಗೂರು ಒಳಗ ಕೂತ್ರ, ಕೂತಲ್ಲೇ ಅಂಟತಾರ. ಆಮ್ಯಾಲ ಎಂಟೂ ದಿಕ್ಕಿನಿಂದ ಇರುವಿ. ಖರೇನ ಹೇಳಬೇಕಂದ್ರ ನಮ್ಮ ದಳ ಇಲ್ಲೀ ತನಕ ಕಾದಾಡಿದ್ದು ಇರುವಿ ಜೋಡಿ ಮಾತ್ರ. ಆದ್ರ ಒಂದು ನೋಡ್ರಿ, ಇರುವಿ ಕಡದ್ರೂ ಒಬ್ಬನೂ ದಡಕ್ಕನ ಏಳೂದಿಲ್ಲ. ಹಡಗು ಬಿಟ್ಟು ಇಳೀರಿ ಅಂತ ನಾ ಸೀಟಿ ಊದಬೇಕು. ಊದಿದ ಮ್ಯಾಲೂ ಒಬ್ಬೊಬ್ಬರ ಏಳಬೇಕು. ಒಬ್ಬ ಇಳದು ನೆಲದ ಮ್ಯಾಲ ನಿಂತು ‘ಒಂದು’ ಅನ್ನಬೇಕು, ಆಮ್ಯಾಲ ಎರಡನೇಯವ. ಎಲ್ಲಾರೂ ಇಳದ ಮ್ಯಾಲ ನಾಯಕ ಮತ್ತೊಮ್ಮೆ ಎಣಸಬೇಕು. ಕಣ್ಣಾಗ ನೀರು ಬಂದಿರ್ತೈತಿ, ಚೊಣ್ಣದಾಗ ಇರುವಿ ಹೊಕ್ಕಿರ್ತಾವ, ಆದ್ರೂ ಎಣಸ್ತಾರ.

ಇಲ್ರಿ, ಅದು ನಿಮ್ಮ ಪುಸ್ತಕದಾಗಿಲ್ಲ. ನಾ ಹಾಕಿದ್ದು… ಯಾಕ ಅಂದ್ರ, ಏನಿಲ್ಲ, ಗಣಿತ ಮಾಸ್ತರ ನೋಡ್ರಿ. ಎಣಸೂ ಚಟ.

ಗಂಟು ಹಾಕೂದ್ರಾಗ ನಮ್ಮವರನ್ನ ಯಾರೂ ಮುಟ್ಟೂದಿಲ್ಲ. ನೀವು ಮುಂಜಾನೆ ನೋಡಿದ್ರಿ, ಪೂರಾ ಮಾರ್ಕು ಕೊಟ್ರಿ. ಹೆಸರು ಕೇಳಿದಾಗ ಅಷ್ಟ ಗಡಬಡಿ ಆತು. ನೀವು ಗಂಟಿನ ಇಂಗ್ಲಿಷ್ ಹೆಸರು ಕೇಳಿದ್ರಿ, ಒಬ್ಬ ‘ಹೋರಿ ಕಟ್ಟೂದು’ ಅಂದ. ಇನ್ನೊಬ್ಬ ‘ಮೇವಿನ ಹೊರಿ ಬಿಗಿಯೂದು’ ಅಂದ. ಎರಡೂ ಕೈಯಾಗ ಝೇಂಡಾ ಹಿಡದು ನಿಶಾನಿ ಬೀಸಿ ಸುದ್ದಿ ಹೇಳೂದು ಹೆಂಗಿತ್ತು? ಅದರಾಗಂತೂ… ಹೋದ ವರ್ಷ ನನ್ನ ಗಣಿತ ಪರೀಕ್ಷಾದಾಗ ಕಿಡಕ್ಯಾಗ ಒಬ್ಬ ಎರಡು ಕರಚೀಫ ಹಿಡಕೊಂಡು ನಿಂತಿದ್ದ. ಬೆವರು ಒರಸಿಕೊಳ್ಳಾಕತ್ತಾನ ಅನ್ಕೊಂಡೆ. ಭಾಳ ಹೊತ್ತು ಒರಸಿಕೊಂಡ. ಒಳಗ ಹತ್ತು ಮಂದಿದು ಒಂದ ಉತ್ತರ ಬಂತು, ಅಕ್ಷರಾನೂ ತಪ್ಪಿಲ್ಲ. ಉತ್ತರ ತಪ್ಪಿತ್ತು. ನಾ ಗಣಿತಕ್ಕ ಸೊನ್ನಿ ಕೊಟ್ಟೆ, ನಿಶಾನಿಗೆ ನೂರಕ್ಕ ನೂರು ಕೊಟ್ಟೆ.

ಹಾಂ? …ನೀರಿನ್ಯಾಗ? ನೀರಿನ್ಯಾಗ ಎಷ್ಟು ಸಲ ಇಳಿಸೀರಿ ಅಂತ?

ಅದ… ಆಗಾಗ. ಅಂದ್ರ ಹಿಂಗ ಲೆಕ್ಕ ಇಟ್ಟಿಲ್ಲ. ನೋಡ್ರಿ, ಬ್ಯಾಸಗ್ಯಾಗ ಹೊಳ್ಯಾಗ ನೀರ ಇರೂದಿಲ್ಲ, ಕಲ್ಲಂಗಡಿ ಹಚ್ಚಿರ್ತಾರ. ಮಳಿಗಾಲದಾಗ ನೀರು ಭಾಳ ಇರ್ತೈತಿ. ಚಳಿಗಾಲದಾಗ ನೀರು ಬರೋಬ್ಬರಿ ಇರ್ತೈತಿ, ಆದ್ರ ಕೊಪ್ಪರಗಿ ಒಲಿ ಮ್ಯಾಲ ಇರ್ತೈತಿ. ಉಳೀತೇನ್ರಿ ಮತ್ತ? ಈ ದಸರಾ ದೀಪಾವಳಿ ನಡುವಿನ ಹದಿನೈದು ದಿನ. ಅದರಾಗ ಸೂಟಿ. ಮತ್ತ ಮೊಸಳಿ ಅದಾವಂತ. ಕೃಷ್ಣಾದಾಗ ಮೊಸಳಿ ಇಲ್ಲ ಅಂತ ಯಾರ ಹೇಳ್ತಾರ? …ನಾ ನೋಡಿಲ್ಲ. ನೋಡಿದವರನ್ನ ನೋಡೇನಿ.

ಹಿಂದಿನ ವರ್ಷದ ಸಾಹೇಬ್ರು ಹಿಂಗ ಕೇಳಿರಲಿಲ್ಲ. ಅವರಿಗೇ ನೀರಿನ ಅಂಜಿಕಿ ಇತ್ತು. ಮುರಗೆಪ್ಪ ಸರ್ ಮನ್ಯಾಗ ಹೋಳಿಗಿ ಉಂಡ್ರು, ‘ಹೊಳಿ ಎಲ್ಲೈತಿ?’ ಅಂದ್ರು. ನಾವು ಬೆರಳ ಮಾಡಿ ತೋರಿಸಿದ್ವಿ. ‘ಇರಲಿ, ಅಲ್ಲೇ ಇರಲಿ’ ಅಂದು ಸೈ ಮಾಡಿ ಹ್ವಾದ್ರು. ಈ ವರ್ಷ ನಿಮ್ಮನ್ನ ಕಳಿಸ್ಯಾರ. ನೀರಿಗಿಳದ್ರನ ಸರ್ಟಿಫಿಕೇಟು, ಇಲ್ಲಂದ್ರ ದಳಾನ ಬಂದ್ ಅಂತ ನೀವು ಬಂದ ಕೂಡ್ಲೆ ಹೇಳಿದ್ರಿ. ಅದಕ್ಕ ಅನ್ನೂದು, ಇದೊಂದು ವರ್ಷ… ಮಲಕಾರಿಗೆ ಬರೂ ತಿಂಗಳ ಕೊಲ್ಲಾಪುರದಾಗ ನೇವಿ ಭರತಿ ಐತಿ. ಆ ಸರ್ಟಿಫಿಕೇಟು ಇಲ್ಲಂದ್ರ ಅವ ಮತ್ತ ಕುರಿ ಹಿಂದ ಹೋಗಬೇಕು. ಅವನಂಥ ಹುಡುಗ, ಕಂಪಾಸು ಇಲ್ಲದ ದಿಕ್ಕು ಹೇಳ್ತಾನ. ಕಂಪಾಸು ಇತ್ರಿ, ಹೆಡ್‌ಮಾಸ್ತರು ಹೊಸ ಮನಿ ವಾಸ್ತು ನೋಡಾಕ ಒಯ್ದಾರ.

ಏನದು ಸಪ್ಪಳ?

…ಯಾರ ಹೇಳಿದ್ರು ಇವರಿಗೆ? ಕೊಪ್ಪರಗಿ ಯಾಕ ಎತ್ತ್ಯಾರ? ಹೊಳಿ ಹಾದಿ ಹಿಡದಾರಲ್ಲ… ನೀವ ಹೇಳಿದ್ರಾ? ನಾಕಕ್ಕ ಅಂದಿದ್ರಿ. ನಾಕ ಆತಾ?

ಸ್ವಲ್ಪ ತಡೀರಿ. ಮಲಕಾರೀ… ಲೇ ಮಲಕಾರಿ, ಇಳಸರಲೇ ಕೆಳಗ. ಅಲ್ಲೇ. ಗೇಟಿನ ಒಳಗ. ಒಂದು ಹೆಜ್ಜಿ ಮುಂದ ಇಡಬ್ಯಾಡ್ರಿ… ಇಳಸಿದ್ರು. ನೋಡ್ರಿ ಶಿಸ್ತು. ಒಂದು ಮಾತಿಗೆ ಇಳಸಿದ್ರು.

ಏನಿಲ್ರಿ. ಧ್ವನಿ ಸ್ವಲ್ಪ ದೊಡ್ಡದಾತು. ವರ್ಗದಾಗ ಒದರಿ ಒದರಿ ರೂಢಿ… ಕೂಡ್ರಿ. ಚಾ ಆರಿತು ನಿಮ್ಮದು. ಬ್ಯಾರೆ ಮಾಡಸ್ತೇನಿ. ಸಾವಿತ್ರೀ…

ಬ್ಯಾಡಾ? ಆತು.

ನನಗ ಈಸು ಬರ್ತೈತ್ರಿ. ಚಲೋ ಬರ್ತೈತಿ. ಈ ಊರಾಗ ಈಸು ಬರದ ಗಂಡಸು ಯಾರ ಅದಾರ? ಹುಟ್ಟಿದ ಕೂಸಿಗೆ ಬೆನ್ನಿಗೊಂದು ಡಬ್ಬಿ ಕಟ್ಟಿ ಭಾಂವ್ಯಾಗ ಒಗೀತಾರ. ಗಂಡ ಕೂಸಿಗೆ, ಅಂದ್ರ. ಹೆಣ್ಣ ಹುಡುಗ್ಯಾರಿಗೆ ಯಾರ ಕಲಸ್ತಾರ.

ಹುಡುಗೂರಿಗೂ ಬರ್ತೈತಿ, ಎಲ್ಲಾರಿಗೂ. ಮಲಕಾರಿ ಮೀನ ಇದ್ದಂಗ ಅದಾನ. ಈಸಿನ ಪ್ರಶ್ನೆ ಅಲ್ಲ ಇದು. ಕೊಪ್ಪರಗಿ ತಳ ಸವದೈತಿ, ಅದ. ಮತ್ತ ಅಣ್ಣಾಸಾಬ ಏನ ಅಂತಾನೋ. ಮತ್ತ ಇವತ್ತ ಅಮವಾಸಿ ಮುಂದ… ಇಲ್ಲೇನು, ಅಮವಾಸಿ ಆಚೆ ವಾರ. ಖರೆ.

ಮತ್ತೇನಿತ್ತು. ಗಾಳಿ. ಗಾಳಿ ಐತಿ ಇವತ್ತ.

ಯಾಕ ಹಂಗ ನೋಡಾಕತ್ತೀರಿ? ಏನರ ಅನ್ರಿ. ಮುಂಜಾನೆಯಿಂದ ನಕ್ಕೊಂಡ ಇದ್ರಿ, ಈಗ ಪೆನ್ನ ಮುಚ್ಚಿ ಇಟ್ರಿ. ನೀವು ಬೈಯ್ಯರಿ, ಒಂದು ಸಲಾನೂ ನೀರು ಮುಟ್ಟಿಸಿಲ್ಲ ನೀ, ಎಂಥ ಮಾಸ್ತರ ನೀ ಅಂತ ಅನ್ರಿ. ನಾ ಉತ್ತರಾ ಕೊಡ್ತೇನಿ. ನನ್ನ ಕಡೆ ಉತ್ತರ ಅದಾವ.

…

ಹೌದ್ರಿ. ಇಳಿಸಿಲ್ಲ. ಒಂದು ಸಲಾನೂ ಇಲ್ಲ.

ನಕಾಶದಾಗ ಯಾರೂ ನೀಲಿ ಗೆರಿ ನೋಡಲಿಲ್ಲ. ನಾನ ಅರ್ಜಿ ಹಾಕಿದ್ದು. ಮ್ಯಾಲಿಂದ ಮ್ಯಾಲ ಹಾಕಿದೆ. ಬೆಳಗಾವಿಗೆ ಹೋಗಿ ಬಾಗಲದಾಗ ಕೂತೆ. ಹೊಳಿ ದಂಡಿ ಊರು, ಮಕ್ಕಳಿಗೆ ನೀರಿನ್ಯಾಗ ಹೆಂಗ ಇರಬೇಕು ಅನ್ನೂದನ್ನ ಒಬ್ಬರರ ಕಲಸಬೇಕು ಅಂತ ಕೇಳಿದೆ. ಅವರು ಕೊಟ್ರು. ಕೊಟ್ಟ ಮ್ಯಾಲ ನನ್ನ ಕೈಲೆ ಅವರನ್ನ ನೀರಿಗೆ ಒಯ್ಯಾಕ ಆಗಲಿಲ್ಲ. ಪ್ರತಿ ವರ್ಷ ಒಯ್ತೇನಿ ಅಂತೇನಿ. ಗೇಟಿನ ತನಕ ಹೋಗ್ತೇವಿ.

ನಮಗ ಒಂದು ಹುಡುಗಿ ಇತ್ರಿ. ತಾರಾ. ನಾಕನೇತ್ತಾದಾಗ ಕಲೀತಿದ್ಲು.

ಆಚೆ ದಂಡಿಗೆ ನನ್ನ ಅತ್ತಿ ಮನಿ. ಪಂಚಮಿಗೆ ತಾಯಿ ಮಗಳು ಹೋಗಿದ್ರು, ಜೋಕಾಲಿ ಆಡಾಕ. ಬರೂವಾಗ ಹೊಳಿ ಬಂದಿತ್ತು. ಕೊಪ್ಪರಗ್ಯಾಗ ಬಂದ್ರು. ಹೊಳಿ ನಡುವ ಸೆಳುವಿನ್ಯಾಗ ಏನೂ ಆಗಲಿಲ್ಲ, ಚಂದ ದಾಟಿದ್ರು. ನಾ ಈ ದಂಡಿಗೆ ನಿಂತಿದ್ದೆ, ಕೈ ಮಾಡಿದೆ. ಅಕಿನೂ ಮಾಡಿದ್ಲು. ದಂಡಿ ಬಂತಲ್ಲ ಅಂತ ಎಲ್ಲಾರೂ ಒಮ್ಮೆಲೆ ಎದ್ರು, ಒಂದ ಕಡೆ. ಕೊಪ್ಪರಗಿ ಬೋರಲ ಬಿತ್ತು. ಎಲ್ಲಾರೂ ನೀರಾಗ ಬಿದ್ರು, ಎದ್ದು ನಿಂತ್ರು. ತೊಯ್ಸಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಗಾಕತ್ತಿದ್ರು. ಯಾರದೋ ಸೀರಿ ಗಂಟು ತೇಲಿ ಹೊಂಟಿತ್ತು, ಅದನ್ನ ಹಿಡಿಯಾಕ ನಾಕು ಮಂದಿ ಹ್ವಾದ್ರು. ಉಂಡಿ ಡಬ್ಬಿ ಸಿಕ್ತು. ಚಪ್ಪಲ್ ಒಂದ ಸಿಕ್ತು, ಇನ್ನೊಂದು ಹುಡುಕಿದ್ರು. ಸಾವಿತ್ರಿನೂ ನಗಾಕತ್ತಿದ್ಲು. ನಾನೂ ನಗಾಕತ್ತಿದ್ದೆ, ದಂಡಿ ಮ್ಯಾಲ ನಿಂತು.

ಯಾರೂ ಎಣಸಲಿಲ್ಲ.

ಎಲ್ಲಾ ಸಾಮಾನು ಕೂಡಿಸಿದ ಮ್ಯಾಲ ಕೊಪ್ಪರಗಿ ಎತ್ತಿದ್ರು. ಅಕಿ ಅದರ ಕೆಳಗ ಇದ್ಲು.

…ಹೌದ್ರಿ, ಇದ ಕೊಪ್ಪರಗಿ. ಊರಾಗ ಇಷ್ಟು ದೊಡ್ಡದು ಇದೊಂದ ಐತಿ.

ನಮ್ಮಾಕಿ ಒಳಗ ಅದಾಳ, ಕೇಳಸ್ತಿರತೈತಿ ಅಕಿಗೆ. ಕೇಳಲಿ. ನಾವು ಈ ಮಾತು ಆಡಿಕೊಂಡಿಲ್ಲ. ಅಕಿ ಅರಿವಿ ಒಗಿಯಾಕ ಹೊಳಿಗೆ ಹೋಗೂದಿಲ್ಲ, ನಾ ಯಾಕ ಅಂತ ಕೇಳೂದಿಲ್ಲ.

ಏನ ಮಾಡಾಕತ್ತೀರಿ? ಪೆನ್ನ ಯಾಕ ತೆಗದ್ರಿ… ಬ್ಯಾಡ್ರಿ. ನನ್ನ ಮಾತ ಕೇಳ್ರಿ. ‘ನೀರಿನ ಪರೀಕ್ಷಾ ಆತು’ ಅಂತ ಬರೀಬ್ಯಾಡ್ರಿ. ನಿಮ್ಮ ಮನಸ್ಸು ದೊಡ್ಡದು. ಮುಂಜಾನೆಯಿಂದ ನಾ ಇದಕ್ಕ ಅಲ್ಲೇನು ಹರಟಿ ಹೊಡದು ಹೊತ್ತು ಕಳದದ್ದು. ಹೊತ್ತು ಮುಳಗಲಿ, ಸಾಹೇಬ್ರು ಸುಮ್ಮನ ಬರದು ಹೋಗಲಿ ಅಂತ. ಈಗ ನೀವು ಬರಿಯಾಕ ತಯಾರಾದ್ರಿ, ನನಗ ಬ್ಯಾಡ ಆಗೇತಿ. ಮಲಕಾರಿನ ತೊಗೊಂಡ್ರ ಖರೇ ಹಡಗಿನ್ಯಾಗ ಹಾಕ್ತಾರ. ಇವ ನೀರಿನ್ಯಾಗ ಪಾಸ್ ಆಗ್ಯಾನ ಅಂತ ಅಲ್ಲಿ ಯಾರೋ ನಂಬತಾರ. ನಾ ಗಣಿತದಾಗ ಯಾರಿಗೂ ಒಂದು ಮಾರ್ಕು ಬಿಟ್ಟಿ ಕೊಟ್ಟವನಲ್ಲ. ಇದರಾಗ ಹೆಂಗ ಕೊಡ್ಲಿ?

ನಡೀರಿ. ಚಪ್ಪಲಿ ಇಲ್ಲೇ ಬಿಡ್ರಿ, ಅಲ್ಲಿ ರಾಡಿ ಐತಿ. ನಾ ಧೋತರ ಕಟ್ಟಿಕೊಂಡು ಮೊದಲ ಇಳದು ನಿಲ್ತೇನಿ. ದಂಡಿ ಮ್ಯಾಲ ನಿಲ್ಲೂದಿಲ್ಲ. ಸೀಟಿ ನೀವು ಊದ್ರಿ, ನಾ ನೀರಾಗ ನಿಂತು ಎಣಸ್ತೇನಿ.

ಮಲಕಾರಿ, ಎತ್ತರಿ ಲೇ. ಹೊಳಿಗೆ ನಡೀರಿ… ಹೌದು, ಖರೇನ. ಸಾವಕಾಶ, ತಲಿ ಮ್ಯಾಲ ಸಮಾ ಹಿಡೀರಿ.

ಅದು ದಾಟೂ ಜಾಗಾನ ಸಾಹೇಬ್ರ, ಆ ಕರಿ ಬಂಡಿಗಲ್ಲಿನ ಬಾಜೂಕ. ನೀರು ಎಷ್ಟೈತಿ? ಇವತ್ತ ಅಲ್ಲಿ ಸೊಂಟದ ಮಟ ಐತಿ.

ಅವತ್ತಾ?

ಅವತ್ತ ದೊಡ್ಡವರ ಎದಿ ಮಟ ಇತ್ರಿ.